ಮೇಲಿನ ಕೊಂಬೆ ಯಾರ ಪಾಲು?

1928ರಲ್ಲಿ ಅಹಮದಾಬಾದಿನ ಸಾಬರಮತಿ ಆಶ್ರಮದಲ್ಲಿ ಮಂಗಗಳ ಕಾಟ ವಿಪರೀತವಾಯಿತು. ಹಣ್ಣಿನ ಗಿಡಗಳೂ ತರಕಾರಿ ಮಡಿಗಳೂ ಕೈಬಿಟ್ಟು ಹೋಗುವ ಹಾಗಿದ್ದವು. ಗಾಯವಾಗದಂಥ ಬಾಣ ಬಿಟ್ಟು ಓಡಿಸಲು ನೋಡಿದರು. ಅಷ್ಟಕ್ಕೇ, ಮಂಗಗಳನ್ನು ಕೊಲ್ಲುತ್ತಿದ್ದೀರಿ ಎಂದು ಗಾಂಧೀಜಿಗೆ ಸಿಟ್ಟಿನ ಕಾಗದಗಳು ಬಂದವು. ಒಂದು ಮಂಗವೂ ಸತ್ತಿಲ್ಲ, ಗಾಯಗೊಂಡಿಲ್ಲ ಎಂದು ಅವರು ಆ ಅಕ್ಟೋಬರಿನ ‘ಯಂಗ್ ಇಂಡಿಯಾ’ದಲ್ಲಿ ಬರೆದರು. ವಾಸಿಯಾಗದ ನೋವಿನಲ್ಲಿ ನರಳುತ್ತಿದ್ದ ಕರುವೊಂದಕ್ಕೆ ಆಶ್ರಮದಲ್ಲಿ ಚುಚ್ಚುಮದ್ದು ಕೊಟ್ಟು ಸಾಯಿಸಿದ ಸಂಗತಿಯೂ ಅದೇ ಬರಹದಲ್ಲಿತ್ತು. ಕರುವಿಗೆ ಸಾವು ಕೊಟ್ಟದ್ದು ಅದರ ನೋವು ಕಳೆಯಲು. ಮಂಗವನ್ನು ಕೊಂದರೆ ಅದು ನಮ್ಮ ಬೆಳೆ ಉಳಿಸಿಕೊಳ್ಳಲು, ಹಾಗಾಗಿ ಅದು ಹಿಂಸೆಯೇ ಎಂಬುದು ಅವರ ವಾದ. ಕೈಗೂಡುವ ಅಹಿಂಸೆಯ ಉಪಾಯ ತಮಗಿನ್ನೂ ಸಿಕ್ಕಿಲ್ಲ ಎಂಬುದನ್ನೂ ಅವರು ಮುಚ್ಚಿಡಲಿಲ್ಲ.

ಅಂದಿನ ಆ ಪ್ರಶ್ನೆ ಇಂದಿಗೂ ಅಹಮದಾಬಾದ್, ವಡೋದರಾ, ಸೂರತ್‌ಗಳ ಹಿತ್ತಿಲುಗಳಲ್ಲಿ ಹಾಗೇ ನಿಂತಿದೆ. ಮುಸುವಗಳ ಹಿಂಡು ಕಾಂಪೌಂಡ್ ಹಾರಿ ಬರುತ್ತದೆ, ರಾತ್ರಿ ಬಾವಲಿ ಇಳಿಯುತ್ತದೆ, ಬೆಳಗ್ಗೆ ಗಿಳಿ. ಉದ್ಯೋಗ, ವ್ಯಾಪಾರ ಎಂದು ಅಲ್ಲಿ ಹೋಗಿ ನೆಲೆಸಿದ ಕನ್ನಡಿಗರ ಮನೆಗಳಿಗೂ ಈ ಅತಿಥಿಗಳು ತಪ್ಪಿದ್ದಲ್ಲ.

ಮೂರು ಊರುಗಳ ಹಿತ್ತಿಲೂ ಒಂದೇ ಬಗೆಯದಲ್ಲ. ಮಳೆ ಕಡಿಮೆಯಾದ ಅಹಮದಾಬಾದಿನಲ್ಲಿ ಬರ ತಡೆಯುವ ಮರಗಳದೇ ಮೇಲುಗೈ: ಬೋರೆ, ಸೀತಾಫಲ, ಅಲ್ಲಿಯವರು ಗೋರಸ್ ಆಮ್ಲಿ ಎನ್ನುವ ಸೀಮೆಹುಣಸೆ, ಗುಂದಾ ಎನ್ನುವ ನಮ್ಮ ಚಳ್ಳೆಹಣ್ಣು. ಗುಂದಾದ ಕಾಯಿಯನ್ನು ಒಡೆದು, ಅಂಟಂಟಾದ ಬೀಜ ತೆಗೆದು, ಮಾವಿನಕಾಯಿ ತುರಿ ತುಂಬಿ ಹಾಕುವ ಉಪ್ಪಿನಕಾಯಿ ಗುಜರಾತಿ ಮನೆಗಳ ಬೇಸಿಗೆಯ ದೊಡ್ಡ ಕೆಲಸ. ವಡೋದರಾಕ್ಕೆ ಬಂದರೆ ಪೇರಲ, ನೇರಳೆ, ಮಾವು. ಆಲದ ಮರದಿಂದಲೇ ಹೆಸರು ಪಡೆಯಿತೆನ್ನುವ ಆ ಊರಿನಲ್ಲಿ, 1879ರಲ್ಲಿ ಮೂರನೆಯ ಸಯಾಜಿರಾವ್ ಕಟ್ಟಿಸಿದ ಕಮಾಟಿಬಾಗ್‌ನಂಥ ತೋಪು ಊರ ನಡುವೆ ಇರುವುದು ಹಕ್ಕಿಗಳ ಪುಣ್ಯ. ಸೂರತ್ತಿಗೆ ಇಳಿದರೆ ಸಮುದ್ರದ ತೇವ, ಹೆಚ್ಚು ಮಳೆ; ಅಲ್ಲಿಂದ ನವಸಾರಿಯವರೆಗೂ ಚಿಕ್ಕುವಿನ ರಾಜ್ಯ.

ಚಿಕ್ಕುವಿನ ಬುಡವನ್ನೊಮ್ಮೆ ಬಗ್ಗಿ ನೋಡಿ. ಕಸಿ ಕಟ್ಟಿದ ಗಂಟಿನ ಕೆಳಗಿರುವುದು ಸಾಮಾನ್ಯವಾಗಿ ಚಿಕ್ಕುವಿನ ಬೇರಲ್ಲ, ರಾಯಣ್ ಎಂಬ ಕಾಡುಮರದ್ದು. ರಾಯಣ್ ನಿಧಾನವಾಗಿ ಬೆಳೆಯುವ ಗಟ್ಟಿ ಮರ. ಹಳದಿ ಬಣ್ಣದ, ಹಾಲು ಸೂಸುವ ಅದರ ಪುಟ್ಟ ಹಣ್ಣು ಬೇಸಿಗೆಯಲ್ಲಿ ಅಲ್ಲಿಯ ಪೇಟೆಗೂ ಬರುತ್ತದೆ. ಪಾಲೀತಾಣಾದ ಶತ್ರುಂಜಯ ಬೆಟ್ಟದ ಮೇಲೆ ಜೈನರು ಪೂಜಿಸುವ ಮರವೂ ಇದೇ. ಅದರ ಬೀಜವನ್ನು ಕಾಡಿನಲ್ಲಿ ಊರಿಂದೂರಿಗೆ ಒಯ್ದದ್ದು ಮನುಷ್ಯರಲ್ಲ, ಹಣ್ಣು ತಿನ್ನುವ ಹಕ್ಕಿ, ಬಾವಲಿ, ಪ್ರಾಣಿಗಳು. ಹಿತ್ತಿಲ ಚಿಕ್ಕುವನ್ನು ಬಾವಲಿ ತಿಂದಿತೆಂದು ಕೋಪ ಬಂದಾಗ, ಆ ಮರದ ಬೇರಿನ ಮೇಲೆ ಅವುಗಳ ಹಳೆಯ ಹಕ್ಕೂ ಇದೆ ಎಂಬುದು ನನ್ನ ಎಣಿಕೆ.

ಯಾರು ತಿಂದರೆಂಬುದನ್ನು ಉದುರಿದ ಹಣ್ಣೇ ಹೇಳುತ್ತದೆ. ಪೇರಲೆಯ ಒಂದು ಮಗ್ಗುಲು ಗುಂಡಗೆ ತೂತಾಗಿ ಒಳಗಿನ ತಿರುಳು ಖಾಲಿಯಾಗಿದ್ದರೆ ಪಿಕಳಾರವೋ ಚಿಟ್ಟುಕುಟ್ರವೋ ಬಂದಿತ್ತು ಎನ್ನಬಹುದು. ಸಿಪ್ಪೆಯ ಅಂಚಿನಲ್ಲಿ ಜೋಡಿ ಹಲ್ಲಿನ ಗೀರು ಕಂಡರೆ ಅಳಿಲು. ಗುಜರಾತಿನ ಊರುಗಳಲ್ಲಿ ಕಾಣುವ ಅಳಿಲಿನ ಬೆನ್ನಿನ ಮೇಲೆ ಐದು ಪಟ್ಟೆ, ನಮ್ಮ ಕಡೆಯದಕ್ಕೆ ಮೂರು. ಕಾಯಿಯನ್ನೇ ಕಚ್ಚಿ, ಬೀಜದ ಆಸೆಗೆ ಬಗೆದು, ಅರ್ಧಂಬರ್ಧ ತಿಂದು ಚೆಲ್ಲಿದ್ದರೆ ಗಿಳಿಯದೇ ಕೆಲಸ. ನಷ್ಟ ಮಾಡುವುದರಲ್ಲಿ ಅದನ್ನು ಮೀರಿಸುವವರಿಲ್ಲ. ಮರದ ಕೆಳಗೆ ಬೆರಳುಗಾತ್ರದ, ಒಣಗಿದ ನಾರಿನ ಉಂಡೆಗಳು ಬಿದ್ದಿದ್ದರೆ ಬಾವಲಿ. ಅದು ಹಣ್ಣನ್ನು ಅಂಗುಳಿಗೆ ಒತ್ತಿ ರಸ ಹೀರಿ, ನಾರನ್ನು ಉಗುಳುತ್ತದೆ. ಸಣ್ಣ ಬೀಜಗಳು ರಸದ ಜತೆ ಹೊಟ್ಟೆ ಸೇರಿ, ಹಾರುವ ದಾರಿಯಲ್ಲಿ ಎಲ್ಲೆಲ್ಲೋ ಬೀಳುತ್ತವೆ. ಆಲ, ಅರಳಿ, ಅತ್ತಿಗಳ ಸಸಿ ಗೋಡೆ ಸಂದಿಯಲ್ಲೂ ಹುಟ್ಟುವುದು ಹೀಗೆ.

ನಮ್ಮ ದೊಡ್ಡ ಬಾವಲಿಗೆ ಕಾಯ್ದೆಯೂ ಬಹಳ ಕಾಲ ಅನ್ಯಾಯ ಮಾಡಿತ್ತು. 1972ರ ವನ್ಯಜೀವಿ ಕಾಯ್ದೆಯಲ್ಲಿ ಹಣ್ಣುತಿನ್ನುವ ಬಾವಲಿಗಳು ಕಾಗೆ, ಇಲಿಗಳ ಜತೆ ಪೀಡೆ ಪ್ರಾಣಿಗಳ ಪಟ್ಟಿಯಲ್ಲಿದ್ದವು. 2022ರ ತಿದ್ದುಪಡಿ ಆ ಪಟ್ಟಿಯನ್ನೇ ತೆಗೆದುಹಾಕಿತು. 2023ರ ಏಪ್ರಿಲ್ 1ರಿಂದ ಅದು ಜಾರಿಯಲ್ಲಿದೆ. ವರ್ಷಕ್ಕೆ ಒಂದೇ ಮರಿ ಹಾಕುವ ಜೀವಿ ಈ ದೊಡ್ಡ ಬಾವಲಿ. ಬೇಸಿಗೆಯಲ್ಲಿ ಬಿಸಿಲು ಅತಿಯಾದರೆ ಜೋತುಬಿದ್ದ ಕೊಂಬೆಯಿಂದಲೇ ಕೆಳಗುರುಳಿ ಸಾಯುತ್ತದೆ. 2016ರ ಮೇ ತಿಂಗಳಲ್ಲಿ ಅಹಮದಾಬಾದಿನ ಬಿಸಿಲು 48 ಡಿಗ್ರಿ ಮುಟ್ಟಿತ್ತು ಎಂಬುದನ್ನು ಇಲ್ಲಿ ನೆನೆಯಬೇಕು.

ನಿಪಾ ವೈರಸ್ಸಿನ ಭಯದ ಮಾತನ್ನೂ ಆಡಿಬಿಡೋಣ. 2018ರಲ್ಲಿ ಕೇರಳದ ಕೋಳಿಕ್ಕೋಡ್‌ನಲ್ಲಿ ಅದು ಕಾಣಿಸಿದ ಮೇಲೆ ಬಾವಲಿ ಎಂದರೆ ಜನ ಬೆಚ್ಚುತ್ತಾರೆ. ಹಲ್ಲಿನ ಗುರುತಿರುವ ಹಣ್ಣನ್ನು, ಕಚ್ಚಿದ ಭಾಗವಷ್ಟೇ ಕೊಯ್ದು ತಿನ್ನುವ ಅಭ್ಯಾಸ ಬಿಡಬೇಕು, ಉಳಿದ ಹಣ್ಣನ್ನು ತೊಳೆದು ತಿನ್ನಬೇಕು, ಇಷ್ಟು ಸಾಕು. ಬಾಂಗ್ಲಾದೇಶದಲ್ಲಿ ಈ ರೋಗ ಹರಡಿದ ಒಂದು ಮುಖ್ಯ ದಾರಿ ರಾತ್ರಿಯಿಡೀ ಮರಕ್ಕೆ ಕಟ್ಟಿದ ಗಡಿಗೆಯ ಈಚಲ ರಸ. ಗಡಿಗೆಗೂ ಕೊರೆದ ಜಾಗಕ್ಕೂ ಬಿದಿರಿನ ತಡಿಕೆ ಮುಚ್ಚಿ ಬಾವಲಿಯನ್ನು ದೂರವಿಡುವುದನ್ನು ಅಲ್ಲಿ ಕಲಿತರು. ಚಳಿಗಾಲದ ಬೆಳಗ್ಗೆ ನೀರಾ ಕುಡಿಯುವ ಸೂರತ್, ವಡೋದರಾದವರಿಗೂ ಈ ಉಪಾಯ ತಿಳಿದಿರುವುದು ಒಳ್ಳೆಯದು.

ಗುಜರಾತಿನ ಊರುಗಳಲ್ಲಿ ಜೀವದಯೆಗೆ ಕೊರತೆಯಿಲ್ಲ. ಅಹಮದಾಬಾದಿನ ಹಳೆಯ ಪೋಳ್‌ಗಳಲ್ಲಿ, ಎಂದರೆ ಒಂದೇ ಬಾಗಿಲಿನ ಓಣಿಕೇರಿಗಳಲ್ಲಿ, ಕೆತ್ತನೆಯ ಕಂಬದ ಮೇಲೆ ನಿಂತ ಚಬೂತರಾಗಳಿವೆ. ಅಲ್ಲಿ ಹಕ್ಕಿಗಳಿಗೆ ದಿನವೂ ಕಾಳು ಹಾಕುತ್ತಾರೆ. ಬೇಸಿಗೆಯಲ್ಲಿ ಮಣ್ಣಿನ ಕುಂಡದಲ್ಲಿ ನೀರು ತೂಗುಹಾಕುತ್ತಾರೆ. ಇದೆಲ್ಲ ದೊಡ್ಡ ಗುಣ. ಆದರೆ ಕಾಳಿನಿಂದ ಹೆಚ್ಚು ಲಾಭವಾಗುವುದು ಪಾರಿವಾಳಕ್ಕೆ. ಕುಟ್ರಕ್ಕೆ, ಕೋಗಿಲೆಗೆ, ಹಸಿರು ಪಾರಿವಾಳಕ್ಕೆ, ಅಲ್ಲಿ ಚಿಲೋತ್ರೊ ಎಂದು ಕರೆಯುವ ಬೂದು ಮಂಗಟ್ಟೆಗೆ ಬೇಕಾದದ್ದು ಹಣ್ಣು. ಬಂಗಲೆ ಕೆಡವಿ ಫ್ಲಾಟ್ ಕಟ್ಟುವಾಗ ಹೋಗುವ ಮರ ಅವುಗಳ ಊಟದ ಎಲೆಯನ್ನೇ ಎಳೆದ ಹಾಗೆ. ಹಣ ಕೊಟ್ಟು ಕಾಳು ಚೆಲ್ಲುವಷ್ಟೇ ಶ್ರದ್ಧೆಯಿಂದ ಒಂದು ನೇರಳೆಯನ್ನೋ ಅತ್ತಿಯನ್ನೋ ಉಳಿಸಿದರೆ ಅದೂ ಜೀವದಯೆಯೇ, ನನ್ನ ಮಟ್ಟಿಗೆ ಹೆಚ್ಚಿನದು.

ಮುಸುವಗಳ ವಿಷಯ ಬೇರೆ. ಮಂಗಳವಾರ, ಶನಿವಾರ ಹನುಮಂತನ ಹೆಸರಿನಲ್ಲಿ ರೊಟ್ಟಿ, ಗಾಂಠಿಯಾ ಕೊಡುವವರಿದ್ದಾರೆ. ಎಲೆ, ಚಿಗುರು, ಕಾಯಿಗಳನ್ನು ಹುದುಗಿಸಿ ಅರಗಿಸಿಕೊಳ್ಳಲು ಆದ ಹಲವು ಕೋಣೆಗಳ ಹೊಟ್ಟೆ ಅವುಗಳದ್ದು; ಕರಿದ ತಿಂಡಿ ಅದಕ್ಕೆ ಒಗ್ಗುವುದಿಲ್ಲ. ಕೈತುತ್ತು ತಿಂದ ಹಿಂಡು ಮನೆ ಬಿಟ್ಟು ಕದಲುವುದೂ ಇಲ್ಲ. ಮರದ್ದನ್ನು ಮರದಲ್ಲೇ ತಿನ್ನಲಿ, ಕೈಯಿಂದ ಏನೂ ಬೇಡ.

ಇನ್ನು ಪಾಲಿನ ಲೆಕ್ಕ. ಒಂದು ದೊಡ್ಡ ಮಾವಿನ ಮರ ಕೆಲವೇ ವಾರಗಳಲ್ಲಿ ಕೊಡುವುದನ್ನು ಒಂದು ಮನೆ ತಿಂದು ಮುಗಿಸಲಾರದು. ಆದ್ದರಿಂದ ಪಾಲು ಹಂಚುವುದು ಕಾಯಿ ಬಲಿಯುವ ಮೊದಲೇ ಆಗಲಿ: ಏಣಿ ಎಟುಕುವವರೆಗೆ ನಮ್ಮದು, ಮೇಲಿನದು ಅವುಗಳದ್ದು. ಮಾವು, ಚಿಕ್ಕುಗಳಲ್ಲಿ ಇದು ಸುಲಭ. ಬಲಿತ ಕಾಯಿ ಕಿತ್ತರೆ ಮನೆಯೊಳಗೆ ಹಣ್ಣಾಗುತ್ತವೆ. ಚಿಕ್ಕುವಿನ ಸಿಪ್ಪೆಯನ್ನು ಉಗುರಿನಿಂದ ಗೀರಿ ನೋಡಿ: ಕೆಳಗೆ ಹಸಿರು ಕಂಡರೆ ಇನ್ನೂ ಎಳಸು, ಹಳದಿ ಕಂಡರೆ ಕೀಳಬಹುದು. ಮಾವನ್ನು ಬೆರಳಗಲ ತೊಟ್ಟು ಬಿಟ್ಟು ಕೊಯ್ದರೆ ಸೊನೆ ಸಿಡಿದು ಸಿಪ್ಪೆ ಸುಡುವುದಿಲ್ಲ. ರಾಜಾಪುರಿ ಕಾಯಿ ಹೆಚ್ಚಾದರೆ ತುರಿದು, ಸಕ್ಕರೆ ಬೆರೆಸಿ, ಬಾಯಿಗೆ ಬಟ್ಟೆ ಕಟ್ಟಿ ಬಿಸಿಲಿಗಿಟ್ಟು ಛುಂದೊ ಮಾಡುವುದನ್ನು ನೆರೆಮನೆಯ ಬೆನ್, ಎಂದರೆ ಅಕ್ಕ, ಹೇಳಿಕೊಡುತ್ತಾರೆ. ಪೇರಲ, ಸೀತಾಫಲಗಳಲ್ಲಿ ಬೇಕಾದಷ್ಟಕ್ಕೆ ಮಾತ್ರ ಕಾಗದದ ಇಲ್ಲವೇ ಬಟ್ಟೆಯ ಚೀಲ ಕಟ್ಟಿದರಾಯಿತು. ಕೊಳೆತು ಬಿದ್ದದ್ದನ್ನು ಮಾತ್ರ ದಿನವೂ ಆಯಬೇಕು. ಅದು ಹಕ್ಕಿಯ ಪಾಲಲ್ಲ, ಹಣ್ಣುನೊಣದ ತೊಟ್ಟಿಲು.

ಮರಕ್ಕೆ ಸಡಿಲವಾದ ನೈಲಾನ್ ಬಲೆ ಹೊದಿಸಬೇಡಿ. ಹಕ್ಕಿ, ಬಾವಲಿ, ಹಾವು ಎಲ್ಲವೂ ಅದರಲ್ಲಿ ಸಿಕ್ಕಿ ಸಾಯುತ್ತವೆ. ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದಲ್ಲಿ 2021ರ ಸೆಪ್ಟೆಂಬರ್‌ನಿಂದ ಹಿತ್ತಿಲ ಹಣ್ಣಿನ ಮರಕ್ಕೆ ಹಾಕುವ ಬಲೆಯ ಕಣ್ಣು, ಪೂರ್ತಿ ಎಳೆದು ಹಿಡಿದಾಗಲೂ, 5 ಮಿಲಿಮೀಟರ್ ಮೀರುವಂತಿಲ್ಲ. ನಮ್ಮಲ್ಲೂ ಇದೇ ಅಳತೆ ಇಟ್ಟುಕೊಳ್ಳಬಹುದು: ಕಿರುಬೆರಳು ತೂರುವ ಬಲೆ ಬೇಡ.

ಗುಜರಾತಿನಲ್ಲಿ ಇದಕ್ಕಿಂತ ದೊಡ್ಡ ಬಲೆಯೊಂದು ಪ್ರತಿ ವರ್ಷ ತಾನಾಗಿ ಮರವೇರುತ್ತದೆ. ಜನವರಿ 14ರ ಉತ್ತರಾಯಣದಂದು, ಮರುದಿನವೂ, ಮೂರು ಊರುಗಳ ಆಕಾಶದಲ್ಲಿ ಗಾಳಿಪಟವೋ ಗಾಳಿಪಟ. ಬೋರೆ, ಪೇರಲ ಹಣ್ಣಾಗುವ ಕಾಲವೂ ಅದೇ. ಕತ್ತರಿಸಿಬಿದ್ದ ಗಾಜುಪುಡಿಯ ದಾರ ಕೊಂಬೆಗಳಿಗೆ ಸುತ್ತಿಕೊಂಡು ತಿಂಗಳುಗಟ್ಟಲೆ ಹಾಗೇ ಇರುತ್ತದೆ. ಹಣ್ಣಿಗೆ ಬಂದ ರೆಕ್ಕೆ ಅದರಲ್ಲಿ ಸಿಕ್ಕಿ ಹರಿಯುತ್ತದೆ. ನೈಲಾನ್ ಮಾಂಜಾವನ್ನು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2017ರಲ್ಲೇ ನಿಷೇಧಿಸಿದೆ. ಹಬ್ಬದ ದಿನಗಳಲ್ಲಿ ಗಾಯಗೊಂಡ ಹಕ್ಕಿಗಳಿಗಾಗಿ ರಾಜ್ಯ ಸರ್ಕಾರ ‘ಕರುಣಾ ಅಭಿಯಾನ’ ನಡೆಸುತ್ತದೆ. 1962ಕ್ಕೆ ಫೋನ್ ಮಾಡಿದರೆ ಪಶು ಆಂಬುಲೆನ್ಸ್ ಬರುತ್ತದೆ. ಆದರೆ ದಾರ ಉಳಿಯುವುದು ಹಬ್ಬ ಮುಗಿದ ಮೇಲೆ. ಜನವರಿ 16ರ ಬೆಳಗ್ಗೆ ದೋಟಿಯ ತುದಿಗೆ ಕೊಕ್ಕೆ ಕಟ್ಟಿ, ಹಿತ್ತಿಲ ಮರದ ದಾರವನ್ನೆಲ್ಲ ಎಳೆದು, ತುಂಡು ತುಂಡಾಗಿ ಕತ್ತರಿಸಿ ಕಸಕ್ಕೆ ಹಾಕಿ. ಎಟುಕದ ಕೊಂಬೆಗೆ ಓಣಿಯ ಹುಡುಗರನ್ನು ಕರೆಯಿರಿ, ಕೂಲಿಗೆ ಒಂದು ಬುಟ್ಟಿ ಪೇರಲ ಕೊಡಿ.