ಕರಿ ನಾಲ್ಕೋ, ಬಿಳಿ ನಾಲ್ಕೋ?

ಕೃಷ್ಣೆ ತುಂಗಭದ್ರೆಗಳ ನಡುವಣ ಎಡೆದೊರೆ ನಾಡು ಎರಡು ಸಂಗೀತ ಪದ್ಧತಿಗಳು ಕೈಕುಲುಕುವ ನೆಲ. ಅಲ್ಲಿ, ದೇವದುರ್ಗದ ಬಳಿಯ ಅರಕೇರಾದಲ್ಲಿ, ಒಂದು ಭಜನೆಯ ರಾತ್ರಿಯನ್ನು ಊಹಿಸಿಕೊಳ್ಳಿ. ಹಿಂದೂಸ್ತಾನಿ ಕಲಿತ ಹುಡುಗಿಯೊಬ್ಬಳು ಹಾಡಲು ಕುಳಿತಿದ್ದಾಳೆ. ಪಕ್ಕವಾದ್ಯಕ್ಕೆ ಮೈಸೂರಿನ ಕಡೆಯ ಪಿಟೀಲು ವಿದ್ವಾಂಸರು.

“ನಿನ್ನ ಶ್ರುತಿ ಎಷ್ಟಮ್ಮಾ?”

“ನಾಲ್ಕು.”

ವಿದ್ವಾಂಸರು ತಂತಿಯನ್ನು ನಾಲ್ಕಕ್ಕೆ ಸೇರಿಸುತ್ತಾರೆ. ಹಾಡು ಕೆಳಗಿಳಿದೊಡನೆ ಹುಡುಗಿಯ ಮಂದ್ರ ಪಂಚಮ ಗಂಟಲಲ್ಲಿಯೇ ಅಡಗಿಹೋಗುತ್ತದೆ. ವರ್ಷಗಳ ಸಾಧನೆ ಒಂದು ಅಂಕಿಯಿಂದ ಮಣ್ಣುಗೂಡಿತಲ್ಲ! ತಪ್ಪು ಯಾರದು?

ಇಬ್ಬರದೂ ಅಲ್ಲ. ಹಾರ್ಮೋನಿಯಮ್ಮಿನ ಒಂದು ಸ್ಥಾಯಿಯಲ್ಲಿ 7 ಬಿಳಿ, 5 ಕರಿ, ಒಟ್ಟು 12 ಮನೆಗಳು. ಹಿಂದೂಸ್ತಾನಿಯವರು ಬಿಳಿಯನ್ನೂ ಕರಿಯನ್ನೂ ಬೇರೆ ಬೇರೆಯಾಗಿ ಎಣಿಸುತ್ತಾರೆ. ಹುಡುಗಿ ಹೇಳಿದ್ದು ‘ಕಾಳೀ ಚಾರ್’, ಎಂದರೆ ಕರಿ ನಾಲ್ಕು. ಕರ್ನಾಟಕ ಸಂಗೀತದವರು ಬಿಳಿಯನ್ನು ಮಾತ್ರ ಎಣಿಸಿ, ಅದರ ಮುಂದಿನ ಕರಿಯನ್ನು ‘ಅರೆ’ ಎಂದು ಸೇರಿಸುತ್ತಾರೆ. ಆಕೆಯ ಶ್ರುತಿ ಅವರಿಗೆ ಐದೂವರೆ. ಪಾಶ್ಚಾತ್ಯರಿಗೆ ಅದೇ ಜಿ ಶಾರ್ಪ್. ವಿದ್ವಾಂಸರು ಸೇರಿಸಿದ ನಾಲ್ಕಾದರೋ ಎಫ್. ಪೂರ್ತಿ ಮೂರು ಮನೆ ಕೆಳಗೆ!

ಈ ದುಭಾಷಿಯ ಕೆಲಸವನ್ನು ಗಣಕಯಂತ್ರಕ್ಕೆ ಒಪ್ಪಿಸಬಹುದು. ಉಪಾಯ ಸರಳ: ಒಂದು ಭಾಷೆಯಿಂದ ನೇರವಾಗಿ ಇನ್ನೊಂದಕ್ಕೆ ಹಾರದೆ, ಪ್ರತಿಯೊಂದು ಹೆಸರನ್ನೂ ಮೊದಲು 0ಯಿಂದ 11ರವರೆಗಿನ ಅಂಕಿಯಾಗಿಸುವುದು. ಬಿಳಿ ಮನೆಗಳಿಗೆ ಕ್ರಮವಾಗಿ 0, 2, 4, 5, 7, 9, 11. ಕರಿ ಮನೆಗಳಿಗೆ 1, 3, 6, 8, 10. ‘ಅರೆ’ ಬಂದರೆ ಬಿಳಿಯ ಅಂಕಿಗೆ 1 ಕೂಡಿಸಬೇಕು. ಕರಿ ನಾಲ್ಕು 8. ಐದೂವರೆಯೂ 7ಕ್ಕೆ 1 ಕೂಡಿ 8. ಅಂಕಿ ದೊರೆತ ಮೇಲೆ ಬೇಕಾದ ಭಾಷೆಯ ಹೆಸರನ್ನು ಪಟ್ಟಿಯಿಂದ ಎತ್ತಿಕೊಂಡರಾಯಿತು.

ಹೆಸರಿನಲ್ಲಿ ಅಂಕಿ ಅಡಗಿಸುವುದು ನಮ್ಮವರಿಗೆ ಹೊಸತೇನಲ್ಲ. 72 ಮೇಳಕರ್ತ ರಾಗಗಳ ಪಟ್ಟಿಯಲ್ಲಿ ಧೀರಶಂಕರಾಭರಣವನ್ನು ನೋಡಿ: ಕಟಪಯಾದಿ ಸೂತ್ರದಂತೆ ‘ಧ’ 9, ‘ರ’ 2, ತಿರುವಿ ಓದಿದರೆ 29. ಅದೇ ಆ ಮೇಳದ ಸಂಖ್ಯೆ!

ಕ್ಲಾರಿನೆಟ್ಟಿನದು ಮತ್ತೊಂದು ಕಥೆ. ರಾಯಚೂರು ಜಿಲ್ಲೆಯ ಪಂಡಿತ ನರಸಿಂಹಲು ವಡವಾಟಿಯವರು ಹೆಸರಾದುದು ಈ ವಾದ್ಯದಲ್ಲಿಯೇ. ಸಾಮಾನ್ಯ ಬಿ ಫ್ಲ್ಯಾಟ್ ಕ್ಲಾರಿನೆಟ್ಟಿನಲ್ಲಿ ಬರೆದ ಸ್ವರಕ್ಕಿಂತ ನುಡಿಯುವ ಸ್ವರ ಎರಡು ಮನೆ ಕೆಳಗೆ. ಹುಡುಗಿಯ 8 ನುಡಿಯಬೇಕಾದರೆ ಹಾಳೆಯಲ್ಲಿ 10 ಬರೆಯಬೇಕು. ಮೊತ್ತ 11ನ್ನು ಮೀರಿದರೆ 12 ಕಳೆಯಬೇಕು, ಗಡಿಯಾರದ ಮುಳ್ಳಿನಂತೆ.

ಯಂತ್ರಕ್ಕೆ ಎರಡು ಎಚ್ಚರಿಕೆಗಳನ್ನು ಕಲಿಸಲೇಬೇಕು. ಮೂರನೆಯ ಮತ್ತು ನಾಲ್ಕನೆಯ ಬಿಳಿಗಳ ನಡುವೆ ಕರಿ ಮನೆಯಿಲ್ಲ; ಆದುದರಿಂದ ‘ಮೂರೂವರೆ’ ಎಂದವರಿಗೆ ಅದು ‘ಹಾಗೊಂದು ಶ್ರುತಿಯಿಲ್ಲ’ ಎನ್ನಬೇಕು. ಬಣ್ಣ ಹೇಳದೆ ಬರೀ ‘ನಾಲ್ಕು’ ಎಂದರೆ, ತಾನೇ ಊಹಿಸಿಕೊಳ್ಳದೆ, “ಕರಿಯೋ ಬಿಳಿಯೋ?” ಎಂದು ಕೇಳಬೇಕು.

ಅರಕೇರಾದ ಆ ರಾತ್ರಿ ವಿದ್ವಾಂಸರು ಕೇಳಬೇಕಾಗಿದ್ದುದೂ ಇಷ್ಟೇ ಅಲ್ಲವೇ? ಈ ಒಂದು ಪ್ರಶ್ನೆಗೆ ಗಣಕಯಂತ್ರವೇನೂ ಬೇಡ. ಕೇಳಿದ್ದರೆ ಹುಡುಗಿಯ ಪಂಚಮ ಉಳಿಯುತ್ತಿತ್ತು.