ನಾಯಿಕೆಯಿಂದ ತಾಯಿಯ ಪಾತ್ರಕ್ಕೆ: ಲೀಲಾ ಚಿಟ್ನೀಸರ ಕಲಾಜೀವನ

ಭಾರತೀಯ ಚಲಚ್ಚಿತ್ರದ ಇತಿಹಾಸವನ್ನು ಬರೆಯತೊಡಗಿದವರು ಸಾಮಾನ್ಯವಾಗಿ ನಾಯಕ, ನಾಯಿಕೆ, ನಿರ್ದೇಶಕ ಈ ಮೂವರ ಸುತ್ತಲೇ ತಮ್ಮ ಕಥನವನ್ನು ಕಟ್ಟುವರು. ಪೋಷಕ ಪಾತ್ರಗಳನ್ನು ವಹಿಸಿದವರಿಗೆ ದೊರೆಯುವುದು ಹೆಚ್ಚೆಂದರೆ ಒಂದು ಅಡಿಟಿಪ್ಪಣಿ. ನಮ್ಮ ತರಗತಿಗಳಲ್ಲಿ ‘ಆವಾರಾ’ ಚಿತ್ರದ ಪ್ರಸ್ತಾಪ ಬಂದಾಗ, ನಾಯಕನ ತಾಯಿಯ ಮುಖವನ್ನು ನೆನಪಿಟ್ಟುಕೊಂಡವರು ಕೆಲವರು ಸಿಕ್ಕುತ್ತಾರೆ. ಆಕೆಯ ಹೆಸರನ್ನು ಹೇಳಬಲ್ಲವರು ಅಪರೂಪ. ಆಕೆ ನಮ್ಮ ಧಾರವಾಡದಲ್ಲಿಯೇ ಹುಟ್ಟಿದವರೆಂದು ತಿಳಿಸಿದಾಗ ವಿದ್ಯಾರ್ಥಿಗಳು ಅಚ್ಚರಿಪಡುತ್ತಾರೆ. ಆದರೆ ಈ ಲೇಖನವನ್ನು ಬರೆಯಲು ನಮ್ಮನ್ನು ಪ್ರೇರಿಸಿದ್ದು ಊರಿನ ಅಭಿಮಾನವಲ್ಲ, ಒಂದು ಪ್ರಶ್ನೆ. 1939ರಲ್ಲಿ ಹಿಂದೀ ಚಿತ್ರಗಳ ಅಗ್ರಪಂಕ್ತಿಯ ನಾಯಿಕೆಯಾಗಿದ್ದ ಲೀಲಾ ಚಿಟ್ನೀಸರು ಕೇವಲ ಒಂಬತ್ತು ವರ್ಷಗಳ ತರುವಾಯ, ನಲವತ್ತು ತುಂಬುವ ಮೊದಲೇ, ನಾಯಕನ ತಾಯಿಯಾದುದು ಹೇಗೆ?

ಅವರು ಜನಿಸಿದುದು 1909ರ ಸೆಪ್ಟೆಂಬರ್ 9ರಂದು. ಆಗ ಧಾರವಾಡ ಮುಂಬಯಿ ಇಲಾಖೆಗೆ ಸೇರಿತ್ತು. ಮರಾಠೀ ಮನೆತನ, ತಂದೆ ಇಂಗ್ಲಿಷ್ ಸಾಹಿತ್ಯದ ಪ್ರಾಧ್ಯಾಪಕರು, ಜಾತಿಭೇದವನ್ನು ನಿರಾಕರಿಸಿ ಬ್ರಹ್ಮಸಮಾಜವನ್ನು ಅನುಸರಿಸಿದವರು. ಅಂದಿನ ರೂಢಿಯಂತೆ ಚಿಕ್ಕ ವಯಸ್ಸಿನಲ್ಲಿಯೇ ಡಾ. ಗಜಾನನ ಯಶವಂತ ಚಿಟ್ನೀಸರೊಡನೆ ವಿವಾಹವಾಯಿತು, ನಾಲ್ವರು ಗಂಡುಮಕ್ಕಳಾದರು. ಈ ದಾಂಪತ್ಯ ಮುಂದೆ ವಿಚ್ಛೇದನದಲ್ಲಿ ಕೊನೆಗೊಂಡಿತು. ಪದವೀಧರೆಯಾಗಿದ್ದ ಆಕೆ ಶಾಲೆಯಲ್ಲಿ ಪಾಠ ಹೇಳುತ್ತ, ಅದರ ಜೊತೆಗೇ ನಾಟಕಗಳಲ್ಲಿ ಅಭಿನಯಿಸತೊಡಗಿದರು. ಮಕ್ಕಳನ್ನು ಸಾಕಬೇಕಾದ ಹೊಣೆ ಇದ್ದಿತೆಂಬುದನ್ನು ಮರೆತರೆ ಅವರ ಮುಂದಿನ ಅನೇಕ ನಿರ್ಧಾರಗಳು ನಮಗೆ ಅರ್ಥವಾಗಲಾರವು.

ಅವರು ಪ್ರವೇಶಿಸಿದ ರಂಗಭೂಮಿಯ ಸ್ಥಿತಿಯನ್ನು ಇಲ್ಲಿ ಸ್ವಲ್ಪ ವಿವರಿಸಬೇಕು. ಬೆಳಗಾವಿ, ಹುಬ್ಬಳ್ಳಿ, ಧಾರವಾಡಗಳ ಪ್ರೇಕ್ಷಕರಿಗೂ ಪರಿಚಿತವಾಗಿದ್ದ ಮರಾಠೀ ಸಂಗೀತ ನಾಟಕದಲ್ಲಿ ಸ್ತ್ರೀಪಾತ್ರಗಳನ್ನು ಪುರುಷರೇ ವಹಿಸುತ್ತಿದ್ದರು. ಬಾಲಗಂಧರ್ವರು ಸೀರೆಯುಟ್ಟ ಬಗೆಯನ್ನು ಕುಲೀನ ಗೃಹಿಣಿಯರು ಅನುಕರಿಸುತ್ತಿದ್ದ ಕಾಲವದು. ಹೀಗಿರುವಾಗ 1933ರಲ್ಲಿ ‘ನಾಟ್ಯಮನ್ವಂತರ’ವೆಂಬ ಸಂಸ್ಥೆಯು ‘ಆಂಧಳ್ಯಾಂಚೀ ಶಾಳಾ’ ಎಂಬ ನಾಟಕವನ್ನು ಮುಂಬಯಿಯಲ್ಲಿ ಪ್ರಯೋಗಿಸಿತು. ನಾರ್ವೆಯ ಬ್ಯೋರ್ನ್‌ಸನ್ನನ ನಾಟಕವನ್ನು ಆಧರಿಸಿದ ಈ ಕೃತಿಯಲ್ಲಿ ಸುಶಿಕ್ಷಿತ ಸ್ತ್ರೀಯರೇ ಸ್ತ್ರೀಪಾತ್ರಗಳನ್ನು ವಹಿಸಿದರು. ಆಲಾಪಗಳ ವಿಸ್ತಾರ ತಗ್ಗಿತು. ಮನೆಯೊಳಗಿನ ಮಾತು ಮನೆಯೊಳಗಿನ ಧ್ವನಿಯಲ್ಲಿಯೇ ರಂಗದ ಮೇಲೆ ಕೇಳಿಸಿತು. ಇಬ್ಸನ್ ಮತ್ತು ಷಾ ಅವರ ಪ್ರಭಾವಕ್ಕೆ ಒಳಗಾಗಿದ್ದ ಈ ತಂಡದ ‘ಉಸನಾ ನವರಾ’ (1934) ಎಂಬ ಪ್ರಹಸನದಲ್ಲಿ ಲೀಲಾ ಚಿಟ್ನೀಸರು ಪಾತ್ರ ವಹಿಸಿದರು. ಬಳಿಕ ತಮ್ಮದೇ ಆದ ನಾಟಕ ತಂಡವನ್ನೂ ಕಟ್ಟಿದರು. ಕಂಠವನ್ನು ಏರಿಸದೆ ಭಾವವನ್ನು ತಲುಪಿಸುವ ಅಭ್ಯಾಸ ಅವರಿಗೆ ದೊರೆತುದು ಇಲ್ಲಿಯೇ ಎಂದು ನಾವು ಭಾವಿಸುತ್ತೇವೆ. ವಾಕ್ಚಿತ್ರದ ಧ್ವನಿಗ್ರಾಹಕಕ್ಕೆ ಬೇಕಾಗಿದ್ದುದೂ ಅದೇ.

ಚಿತ್ರರಂಗದಲ್ಲಿ ಅವರು ಮೇಲಿನಿಂದ ಇಳಿದು ಬಂದವರಲ್ಲ. ಸಾಗರ್ ಮೂವಿಟೋನ್ ಸಂಸ್ಥೆಯಲ್ಲಿ ಗುಂಪಿನ ದೃಶ್ಯಗಳ ನಟಿಯಾಗಿ ಆರಂಭಿಸಿ, ಪೌರಾಣಿಕ ಚಿತ್ರಗಳನ್ನೂ ಸಾಹಸಚಿತ್ರಗಳನ್ನೂ ದಾಟಿ ಬಂದರು. ‘ಜಂಟಲ್‌ಮನ್ ಡಾಕು’ (1937) ಚಿತ್ರದಲ್ಲಿ ಗಂಡುಡುಗೆ ತೊಟ್ಟ ನಯವಂತ ಕಳ್ಳನಾಗಿ ಕಾಣಿಸಿಕೊಂಡರು. ಆ ಸಂದರ್ಭದಲ್ಲಿ ‘ಟೈಮ್ಸ್ ಆಫ್ ಇಂಡಿಯಾ’ದ ಜಾಹೀರಾತು ಅವರನ್ನು ಬೆಳ್ಳಿತೆರೆಗೆ ಬಂದ ಮಹಾರಾಷ್ಟ್ರದ ಮೊದಲ ಪದವೀಧರ ಕುಲೀನ ಮಹಿಳೆಯೆಂದು ಸಾರಿತು. ಇತಿಹಾಸದ ವಿದ್ಯಾರ್ಥಿಗಳು ಈ ಜಾಹೀರಾತನ್ನು ಗಮನಿಸತಕ್ಕದ್ದು. ನಟಿಯ ಕಲೆಗಿಂತ ಆಕೆಯ ಪದವಿಯೂ ಮನೆತನವೂ ಮಾರಾಟಕ್ಕೆ ಯೋಗ್ಯವೆಂದು ಚಿತ್ರೋದ್ಯಮ ಕಂಡುಕೊಂಡಿತ್ತು. ಅದೇ ವರ್ಷ ಪುಣೆಯ ಪ್ರಭಾತ್ ಸಂಸ್ಥೆಗಾಗಿ ಕೆ. ನಾರಾಯಣ ಕಾಳೆ ಅವರು ನಿರ್ದೇಶಿಸಿದ ‘ವಹಾಂ’ ಚಿತ್ರದಲ್ಲಿ ಅಭಿನಯಿಸಿದರು. ಕಾಳೆಯವರೂ ನಾಟ್ಯಮನ್ವಂತರದವರೇ. 1939ರಲ್ಲಿ ರಣಜಿತ್ ಸಂಸ್ಥೆಯ ‘ಸಂತ ತುಳಸೀದಾಸ’ ಬಂದಿತು.

ಅದೇ 1939ರಲ್ಲಿ ಬಾಂಬೆ ಟಾಕೀಸ್ ತಯಾರಿಸಿದ ‘ಕಂಗನ್’ ಅವರನ್ನು ಕೀರ್ತಿಯ ಶಿಖರಕ್ಕೆ ಏರಿಸಿತು. ಆ ಸಂಸ್ಥೆಯ ನಾಯಿಕೆಯಾಗಿ ಅದುವರೆಗೆ ಮೆರೆದಿದ್ದವರು ದೇವಿಕಾ ರಾಣಿ (ಮುಂದೆ ರೋರಿಕ್‌ರನ್ನು ವರಿಸಿ ನಮ್ಮ ಬೆಂಗಳೂರಿನಲ್ಲಿ ನೆಲೆಸಿದವರು). ಅವರ ಸ್ಥಾನದಲ್ಲಿ ಅಶೋಕ್ ಕುಮಾರ್ ಅವರಿಗೆ ಜೊತೆಯಾದ ಲೀಲಾ ಚಿಟ್ನೀಸರು ‘ಬಂಧನ್’ (1940), ‘ಝೂಲಾ’ (1941) ಚಿತ್ರಗಳಲ್ಲಿಯೂ ಅದೇ ಯಶಸ್ಸನ್ನು ಪಡೆದರು. ಕಣ್ಣುಗಳ ಮೂಲಕ ಮಾತನಾಡುವುದನ್ನು ತಾವು ಈಕೆಯಿಂದ ಕಲಿತುದಾಗಿ ಅಶೋಕ್ ಕುಮಾರರೇ ಒಪ್ಪಿಕೊಂಡಿದ್ದರು. 1941ರಲ್ಲಿ ಲಕ್ಸ್ ಸಾಬೂನಿನ ಜಾಹೀರಾತಿನಲ್ಲಿ ಭಾರತೀಯ ತಾರೆಯೊಬ್ಬರು ಮೊದಲ ಬಾರಿಗೆ ಕಾಣಿಸಿಕೊಂಡರು. ಆ ತಾರೆಯೂ ಇವರೇ. 1942ರಲ್ಲಿ ‘ಕಿಸೀ ಸೇ ನ ಕಹನಾ’ ಚಿತ್ರವನ್ನು ನಿರ್ಮಿಸಿದರು.

ಇಲ್ಲಿಂದ ಮುಂದೆ ಕೆಲವು ವರ್ಷಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಬೇಕೆಂದು ಓದುಗರನ್ನು ಕೋರುತ್ತೇವೆ. 1940ರ ದಶಕದ ಮಧ್ಯಭಾಗದ ವೇಳೆಗೆ ಹೊಸ ನಾಯಿಕೆಯರು ಬಂದರು. ಲೀಲಾ ಚಿಟ್ನೀಸರಿಗೆ ಅವಕಾಶಗಳು ಕಡಿಮೆಯಾದುವು. 1948ರಲ್ಲಿ ‘ಶಹೀದ್’ ಚಿತ್ರದಲ್ಲಿ ಅವರು ದಿಲೀಪ್ ಕುಮಾರರ ತಾಯಿಯಾದರು. ದಿಲೀಪ್ ಕುಮಾರರು ಹುಟ್ಟಿದ್ದು 1922ರಲ್ಲಿ. ತಾಯಿಗೂ ಮಗನಿಗೂ ಹದಿಮೂರು ವರ್ಷಗಳ ಅಂತರ! ‘ಆವಾರಾ’ (1951) ಚಿತ್ರದ ರಾಜ್ ಕಪೂರರು ಇವರಿಗಿಂತ ಹದಿನೈದು ವರ್ಷ ಚಿಕ್ಕವರು. ಇನ್ನು ಅಶೋಕ್ ಕುಮಾರರ ಕಡೆಗೆ ನೋಡೋಣ. ಅವರು ಜನಿಸಿದುದು 1911ರಲ್ಲಿ, ಅಂದರೆ ತಮ್ಮ ‘ಕಂಗನ್’ ನಾಯಿಕೆಗಿಂತ ಎರಡು ವರ್ಷ ಮಾತ್ರ ಚಿಕ್ಕವರು. ಆಕೆ ತಾಯಿಯಾದ ಮರುವರ್ಷ, 1949ರಲ್ಲಿ, ಅವರು ‘ಮಹಲ್’ ಚಿತ್ರದಲ್ಲಿ ಇನ್ನೂ ಹದಿನಾರು ತುಂಬಿದ್ದ ಮಧುಬಾಲಾ ಅವರಿಗೆ ನಾಯಕರಾಗಿದ್ದರು. 1958ರ ‘ಹೌರಾ ಬ್ರಿಜ್’ ಚಿತ್ರದಲ್ಲಿಯೂ ಅದೇ ಮಧುಬಾಲಾ ಅವರಿಗೆ ಅದೇ ನಾಯಕರು. ಒಂದೇ ಪ್ರಾಯದ, ಒಂದೇ ಚಿತ್ರದಲ್ಲಿ ಮೆರೆದ ಇಬ್ಬರು ಕಲಾವಿದರಲ್ಲಿ ಒಬ್ಬರ ಯೌವನವನ್ನು ಚಿತ್ರೋದ್ಯಮ ಇಪ್ಪತ್ತು ವರ್ಷ ಕಾಯ್ದಿಟ್ಟಿತು, ಇನ್ನೊಬ್ಬರದನ್ನು ಹತ್ತು ವರ್ಷದೊಳಗೆ ಕಸಿದುಕೊಂಡಿತು. ಕಲೆಯ ಕುಂದಾಗಲಿ ಸ್ವಾಭಾವಿಕ ವೃದ್ಧಾಪ್ಯವಾಗಲಿ ಇದಕ್ಕೆ ಕಾರಣವೆಂದು ಹೇಳಲು ಈ ವರ್ಷಗಳು ಅವಕಾಶ ಕೊಡುವುದಿಲ್ಲ.

ಆದರೆ ಕೊಟ್ಟ ಪಾತ್ರವನ್ನು ಅವರು ಏನು ಮಾಡಿದರೆಂಬುದು ಬೇರೆಯ ವಿಷಯ. ‘ಶಹೀದ್’ ಚಿತ್ರದ ಗಂಡ ಆಂಗ್ಲ ಸರಕಾರದ ನಿಷ್ಠಾವಂತ ಅಧಿಕಾರಿ, ಮಗ ಕ್ರಾಂತಿಕಾರಿ. ತಾಯಿ ಇಬ್ಬರ ನಡುವೆ ನಿಂತವಳು. ಸ್ವಾತಂತ್ರ್ಯ ಬಂದ ಮರುವರ್ಷ ಈ ಚಿತ್ರವನ್ನು ನೋಡಿದ ಎಷ್ಟೋ ಮನೆಗಳಲ್ಲಿ ಇಂಥ ಒಡಕು ಕಥೆಯಾಗಿ ಮಾತ್ರ ಉಳಿದಿರಲಿಲ್ಲ. ‘ಆವಾರಾ’ದಲ್ಲಿ ನ್ಯಾಯಾಧೀಶನಾದ ಗಂಡ, ದರೋಡೆಕೋರನ ವಶದಲ್ಲಿದ್ದು ಬಂದಳೆಂಬ ಸಂಶಯದಿಂದ ಬಸುರಿ ಹೆಂಡತಿಯನ್ನು ಮನೆಯಿಂದ ಹೊರಗಟ್ಟುತ್ತಾನೆ. ಸೀತಾಪರಿತ್ಯಾಗದ ನೆನಪನ್ನು ಚಿತ್ರವೇ ಬಲಪಡಿಸುತ್ತದೆ. ಮುಂಬಯಿಯ ಕೊಳೆಗೇರಿಯಲ್ಲಿ ಮಗನನ್ನು ಓದಿಸಲು ಹೆಣಗುವ ಆ ತಾಯಿಯನ್ನು ಲೀಲಾ ಚಿಟ್ನೀಸರು ಅಬ್ಬರವಿಲ್ಲದೆ ಅಭಿನಯಿಸಿದ್ದಾರೆ. ಮಾತಿಗಿಂತ ಮಾತಿನ ಮುಂಚಿನ ಮೌನಕ್ಕೆ ಹೆಚ್ಚು ಬೆಲೆ ಕೊಡುವ ಈ ರೀತಿಯಲ್ಲಿ 1934ರ ರಂಗಭೂಮಿಯ ಶಿಕ್ಷಣವೇ ನಮಗೆ ಕಾಣುತ್ತದೆ. ‘ಗಂಗಾ ಜಮುನಾ’ (1961) ಚಿತ್ರದಲ್ಲಿ ಕಳ್ಳತನದ ಸುಳ್ಳು ಆರೋಪಕ್ಕೆ ಗುರಿಯಾದ ಬಡ ವಿಧವೆಯ ಪಾತ್ರವೂ ಇದೇ ತೂಕದ್ದು.

ಎಲ್ಲ ಪಾತ್ರಗಳೂ ಹಾಗಿರಲಿಲ್ಲ. ಕೆಮ್ಮುವ, ಕಣ್ಣೀರಿಡುವ, ಮಗನ ಮದುವೆಗಾಗಿ ಹಂಬಲಿಸುವ ತಾಯಿಯ ಅಚ್ಚೊಂದು ಸಿದ್ಧವಾಯಿತು. ಮುಂದಿನ ಅನೇಕ ಚಿತ್ರಗಳು ಅವರನ್ನು ಅದರಲ್ಲಿಯೇ ಎರಕ ಹೊಯ್ದುವು. ‘ಸಾಧನಾ’ (1958) ಚಿತ್ರದ ತಾಯಿ ಈ ಅಚ್ಚಿನವಳೇ ಎಂದು ನಮಗೆ ತೋರುತ್ತದೆ. ಆರ್. ಕೆ. ನಾರಾಯಣರ ಕಾದಂಬರಿಯನ್ನು ಆಧರಿಸಿದ ‘ಗೈಡ್’ (1965) ಇದಕ್ಕೆ ಅಪವಾದ. ಅಲ್ಲಿನ ತಾಯಿ ಮಗನು ಮನೆಗೆ ಕರೆತಂದ ಹೆಣ್ಣನ್ನು ಸಹಿಸಲಾರದೆ, ತಾನೇ ಮನೆಬಿಟ್ಟು ಅಣ್ಣನೊಡನೆ ಹೊರಟುಬಿಡುತ್ತಾಳೆ. ಆಕೆಯ ಪ್ರೀತಿಯೂ ಸಂಕುಚಿತತೆಯೂ ಒಂದೇ ಮುಖದಲ್ಲಿ ಕಾಣುತ್ತವೆ. ಪ್ರೇಕ್ಷಕನು ಯಾರ ಪಕ್ಷವಹಿಸಬೇಕೆಂದು ತೋಚದೆ ಕುಳಿತಿರುತ್ತಾನೆ.

ಈ ನಡುವೆ 1955ರಲ್ಲಿ ‘ಆಜ್ ಕೀ ಬಾತ್’ ಎಂಬ ಚಿತ್ರವನ್ನು ಅವರೇ ನಿರ್ದೇಶಿಸಿದರು. ಸಾಮರ್ಸೆಟ್ ಮಾಮ್‌ನ ನಾಟಕವೊಂದನ್ನು ಅಳವಡಿಸಿ ರಂಗಕ್ಕೂ ತಂದರು. ಅಂದರೆ ಪರದೆಯ ಮೇಲೆ ಅಸಹಾಯಕ ತಾಯಿಯಾಗಿ ಕಾಣಿಸಿಕೊಳ್ಳುತ್ತಿದ್ದ ವರ್ಷಗಳಲ್ಲಿಯೇ, ಪರದೆಯ ಹಿಂದೆ ಅವರು ಇತರರನ್ನು ನಡೆಸಬಲ್ಲವರಾಗಿದ್ದರು. ಹೆಂಗಸು ಕ್ಯಾಮರಾದ ಹಿಂದೆ ನಿಲ್ಲುವುದು ತೀರ ವಿರಳವಾಗಿದ್ದ ಆ ಕಾಲದಲ್ಲಿ ಈ ದಾರಿ ಮುಂದೆ ಸಾಗಲಿಲ್ಲ.

1980ರ ದಶಕದವರೆಗೂ ಅವರು ಪೋಷಕ ಪಾತ್ರಗಳಲ್ಲಿ ಕಾಣಿಸಿಕೊಂಡರು. 1981ರಲ್ಲಿ ‘ಚಂದೇರೀ ದುನಿಯೇತ’ ಎಂಬ ಆತ್ಮಕಥೆಯನ್ನು ಮರಾಠಿಯಲ್ಲಿ ಪ್ರಕಟಿಸಿದರು. ಬಳಿಕ ಅಮೆರಿಕೆಗೆ ತೆರಳಿ, 2003ರ ಜುಲೈ 14ರಂದು ಕನೆಕ್ಟಿಕಟ್ ಸಂಸ್ಥಾನದ ಡ್ಯಾನ್‌ಬರಿಯಲ್ಲಿ ನಿಧನ ಹೊಂದಿದರು. ಆಗ ಅವರಿಗೆ ತೊಂಬತ್ತಮೂರು ವರ್ಷ.