ಮನೆಪಾಠವೂ ಕಾಯಿದೆಯ ಮೌನವೂ

ಮಕ್ಕಳನ್ನು ಶಾಲೆಗೆ ಕಳುಹಿಸದೆ ಮನೆಯಲ್ಲಿಯೇ ತಾವಾಗಿ ಓದಿಸಬೇಕೆಂಬ ಹಂಬಲವುಳ್ಳ ಗೃಹಸ್ಥರು ಇಂದು ಬೆಂಗಳೂರಿನಲ್ಲಿ ಅಪರೂಪವಲ್ಲ. ಒಬ್ಬರಿಗೆ ಬಾಯಿಪಾಠದ ಪದ್ಧತಿಯಲ್ಲಿ ಬೇಸರ, ಮತ್ತೊಬ್ಬರಿಗೆ ಶುಲ್ಕದ ಹೊರೆ, ಮಗದೊಬ್ಬರಿಗೆ ಕೂಸಿನ ಅನಾರೋಗ್ಯದ ಚಿಂತೆ. ಇವರೆಲ್ಲರೂ ಕೇಳುವ ಪ್ರಶ್ನೆ ಒಂದೇ: ಕಾಯಿದೆಯು ಇದಕ್ಕೆ ಒಪ್ಪುವುದೆ? ಕಾಯಿದೆಯಾದರೋ ಹೌದೆಂದೂ ಹೇಳುವುದಿಲ್ಲ, ಅಲ್ಲವೆಂದೂ ಬಾಯಿಬಿಟ್ಟು ನುಡಿಯುವುದಿಲ್ಲ. ಈ ಮೌನದಿಂದ ನಷ್ಟವಾಗುವುದು ಮಕ್ಕಳಿಗೆ ಎಂಬುದೇ ನಮ್ಮ ಅಭಿಪ್ರಾಯ.

ಕಡ್ಡಾಯ ಶಿಕ್ಷಣವೆಂಬುದು ನಮ್ಮ ನಾಡಿಗೆ ನಿನ್ನೆ ಮೊನ್ನೆ ಬಂದ ಮಾತಲ್ಲ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದ 1913ರಲ್ಲಿಯೇ ಮೈಸೂರು ಸಂಸ್ಥಾನವು ಪ್ರಾಥಮಿಕ ಶಿಕ್ಷಣದ ನಿಬಂಧನೆಯನ್ನು ಹೊರಡಿಸಿ, ಆಯ್ದ ಸ್ಥಳಗಳಲ್ಲಿ ಕಡ್ಡಾಯವನ್ನು ಆರಂಭಿಸಿತು. ಮುಂದೆ 1992ರಲ್ಲಿ ಮೋಹಿನಿ ಜೈನ್ ಮತ್ತು ಕರ್ನಾಟಕ ರಾಜ್ಯದ ನಡುವಣ ವ್ಯಾಜ್ಯದಲ್ಲಿ ಸರ್ವೋಚ್ಚ ನ್ಯಾಯಾಲಯವು ವಿದ್ಯೆಯ ಹಕ್ಕು ಜೀವಿಸುವ ಹಕ್ಕಿನಿಂದಲೇ ಹುಟ್ಟುತ್ತದೆಂದು ಸಾರಿತು. 2002ರ 86ನೆಯ ತಿದ್ದುಪಡಿಯು ಅದನ್ನು ಸಂವಿಧಾನದ ಅಕ್ಷರವಾಗಿಸಿತು. ಬಳಿಕ 2009ರ ಶಿಕ್ಷಣ ಹಕ್ಕು ಕಾಯಿದೆಯು 2010ರ ಏಪ್ರಿಲ್ 1ರಿಂದ ಜಾರಿಗೆ ಬಂದಿತು. 2012ರಲ್ಲಿ ಕರ್ನಾಟಕವು ಅದಕ್ಕೆ ತನ್ನ ನಿಯಮಗಳನ್ನು ರಚಿಸಿತು.

ಆ ಕಾಯಿದೆಯ 10ನೆಯ ಕಲಮಿನಂತೆ, ಆರರಿಂದ ಹದಿನಾಲ್ಕು ವರ್ಷದ ಮಗುವನ್ನು ನೆರೆಹೊರೆಯ ಶಾಲೆಗೆ ಸೇರಿಸುವುದು ತಾಯಿತಂದೆಗಳ ಕರ್ತವ್ಯ. ಕಾಯಿದೆಯು ಹೇಳುವ ಶಾಲೆಗಳ ವರ್ಗಗಳಲ್ಲಿ ಮನೆ ಇಲ್ಲ. ಆದರೆ ಈ ಕರ್ತವ್ಯವನ್ನು ಮೀರಿದ ಪೋಷಕರಿಗೆ ದಂಡವನ್ನಾಗಲಿ ಸೆರೆಯನ್ನಾಗಲಿ ಆ ಕಾಯಿದೆ ವಿಧಿಸಿಲ್ಲ. 'ಕಡ್ಡಾಯ' ಎಂಬ ಪದಕ್ಕೆ ಅದು ಕೊಟ್ಟಿರುವ ಅರ್ಥವನ್ನು ನೋಡಿದರೆ ಹೊಣೆಯ ಭಾರವೆಲ್ಲ ಸರಕಾರದ ಹೆಗಲ ಮೇಲಿದೆ. 2012ರ ತಿದ್ದುಪಡಿಯಲ್ಲಿ ಮಾತ್ರ ತೀವ್ರ ಅಥವಾ ಬಹುವಿಧ ಅಂಗವೈಕಲ್ಯವುಳ್ಳ ಮಕ್ಕಳು ಮನೆಯಲ್ಲಿಯೇ ಶಿಕ್ಷಣ ಪಡೆಯುವ ಆಯ್ಕೆ ಸ್ಪಷ್ಟವಾಗಿ ದೊರೆತಿದೆ. ಉಳಿದವರ ವಿಷಯದಲ್ಲಿ, ಮನೆಪಾಠಕ್ಕೆ ಈ ಕಾಯಿದೆ ಅಡ್ಡಿಯಲ್ಲವೆಂದು ಕೇಂದ್ರ ಸರಕಾರವು 2012ರಲ್ಲಿ ದೆಹಲಿ ಉಚ್ಚ ನ್ಯಾಯಾಲಯಕ್ಕೆ ಒಮ್ಮೆ ಪ್ರಮಾಣಪತ್ರ ಸಲ್ಲಿಸಿದ್ದುಂಟು; ಆ ಮಾತು ಕಾಯಿದೆಯ ಪುಟವನ್ನು ಮಾತ್ರ ಸೇರಲಿಲ್ಲ.

ಹೀಗಿರುವಾಗ ಮನೆಪಾಠಕ್ಕೆ ಮನಸ್ಸು ಮಾಡಿದ ಗೃಹಸ್ಥರು ಕೆಲವು ಸಂಗತಿಗಳನ್ನು ಮರೆಯಬಾರದು. ತಮ್ಮ ಮಗುವಿಗೆ ತಾವು ಕಲಿಸುವುದು ಬೇರೆ. ನಾಲ್ಕಾರು ಮನೆಗಳ ಮಕ್ಕಳನ್ನು ಕೂಡಿಸಿ, ಉಪಾಧ್ಯಾಯರನ್ನಿಟ್ಟು, ಶುಲ್ಕವೆತ್ತಿ ನಡೆಸುವುದು ಬೇರೆ. ಎರಡನೆಯದು ಮಾನ್ಯತೆಯಿಲ್ಲದ ಶಾಲೆಯೆನಿಸಿದರೆ 18ನೆಯ ಕಲಮಿನಂತೆ ಒಂದು ಲಕ್ಷ ರೂಪಾಯಿಯವರೆಗೆ ದಂಡವುಂಟು. ಮುಂದುವರಿಸಿದರೆ ದಿನಕ್ಕೆ ಹತ್ತು ಸಾವಿರ. ಮಗುವು ಮತ್ತೆ ಶಾಲೆಗೆ ಸೇರಬಯಸಿದರೆ ಬಾಗಿಲು ಮುಚ್ಚಿಲ್ಲ. 4ನೆಯ ಕಲಮು ವಯಸ್ಸಿಗೆ ತಕ್ಕ ತರಗತಿಯನ್ನೂ, ಹಿಂದುಳಿದ ಪಾಠಕ್ಕೆ ವಿಶೇಷ ತರಬೇತಿಯನ್ನೂ ವಿಧಿಸಿದೆ. ಹತ್ತನೆಯ ತರಗತಿಯ ಪರೀಕ್ಷೆಗೆ 1989ರಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯ ದಾರಿಯಿದೆ. ಅಲ್ಲಿಗೆ ಸೇರಲು ಹದಿನಾಲ್ಕು ವರ್ಷ ತುಂಬಿರಬೇಕು.

ಇಷ್ಟು ಅನುಕೂಲವಿದ್ದ ಮೇಲೆ ದೂರೇನು ಎಂದು ವಾಚಕರು ಕೇಳಬಹುದು. ಹೆಸರಿನಲ್ಲಿ ಮೂಡಲಿದ್ದರೂ ಬೆಂಗಳೂರಿನ ಪಡುವಣದಲ್ಲಿರುವ ಮೂಡಲಪಾಳ್ಯವನ್ನೇ ತೆಗೆದುಕೊಳ್ಳೋಣ. ಅಂತಹ ಬಡಾವಣೆಯ ಒಂದು ಮನೆಯಲ್ಲಿ ವಿದ್ಯಾವಂತ ತಾಯಿಯು ಮಗನಿಗೆ ಗಣಿತವನ್ನೂ ಹಳಗನ್ನಡವನ್ನೂ ಹೇಳಿಕೊಡುತ್ತಿರಬಹುದು. ಅದೇ ಬೀದಿಯ ಇನ್ನೊಂದು ಮನೆಯಲ್ಲಿ ಹನ್ನೊಂದು ವರ್ಷದ ಹುಡುಗಿ ತಮ್ಮಂದಿರನ್ನು ನೋಡಿಕೊಳ್ಳುವುದಕ್ಕಾಗಿ ಮನೆಯಲ್ಲಿ ಉಳಿದಿರಬಹುದು. ಮಕ್ಕಳ ದಾಖಲೆಯನ್ನಿಟ್ಟು ಹಾಜರಿಯನ್ನು ವಿಚಾರಿಸುವ ಹೊಣೆಯನ್ನು 9ನೆಯ ಕಲಮು ಸ್ಥಳೀಯ ಸಂಸ್ಥೆಗೆ ಹೊರಿಸಿದೆ. ಆ ದಾಖಲೆಯಲ್ಲಿ ಈ ಇಬ್ಬರಿಗೂ ಒಂದೇ ಹೆಸರು: ಶಾಲೆಯಿಂದ ಹೊರಗುಳಿದ ಮಗು! ಅಧಿಕಾರಿಯು ಬಿಗಿಮಾಡಿದರೆ ಓದುವ ಮಗುವಿಗೆ ಕಿರುಕುಳ, ಸಡಿಲಬಿಟ್ಟರೆ ದುಡಿಯುವ ಮಗುವಿಗೆ ದ್ರೋಹ. ಅತ್ತ ದರಿ, ಇತ್ತ ಪುಲಿ. 2013ರಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯವು ಹೊರಗುಳಿದ ಮಕ್ಕಳ ಪ್ರಶ್ನೆಯನ್ನು ಸ್ವಯಂಪ್ರೇರಣೆಯಿಂದ ಕೈಗೆತ್ತಿಕೊಳ್ಳಬೇಕಾಯಿತೆಂಬುದನ್ನು ನೆನೆದರೆ, ಸಡಿಲಿಕೆಯ ಅಪಾಯವು ಕಲ್ಪನೆಯದಲ್ಲವೆಂದು ತಿಳಿಯುತ್ತದೆ.

ಪರದೇಶಗಳು ಈ ಗಂಟನ್ನು ಬೇರೆಬೇರೆ ಬಗೆಯಲ್ಲಿ ಬಿಡಿಸಿವೆ. ಜರ್ಮನಿಯು ಶಾಲೆಯ ಹಾಜರಿಯನ್ನೇ ಕಡ್ಡಾಯಗೊಳಿಸಿದೆ. 2006ರಲ್ಲಿ ಐರೋಪ್ಯ ಮಾನವ ಹಕ್ಕುಗಳ ನ್ಯಾಯಾಲಯವು ಅದನ್ನು ತಳ್ಳಿಹಾಕಲಿಲ್ಲ. ಇಂಗ್ಲೆಂಡಿನ 1996ರ ಶಿಕ್ಷಣ ಕಾಯಿದೆಯು ಶಾಲೆಯಲ್ಲಾಗಲಿ ಅನ್ಯಥಾ ಆಗಲಿ ಮಗುವಿಗೆ ತಕ್ಕ ಶಿಕ್ಷಣ ದೊರೆಯಬೇಕೆನ್ನುತ್ತದೆ. ಐರ್ಲೆಂಡು ಮನೆಪಾಠವನ್ನು ಕುಟುಂಬದ ಹಕ್ಕೆಂದು ಸಂವಿಧಾನದಲ್ಲಿ ಒಪ್ಪಿಕೊಂಡು, 2000ದ ಕಾಯಿದೆಯಿಂದ ಅಂತಹ ಮಕ್ಕಳ ಹೆಸರನ್ನು ನೋಂದಾಯಿಸುವ ಏರ್ಪಾಡು ಮಾಡಿತು. ಮೂರರಲ್ಲಿ ಯಾವುದನ್ನು ಮೆಚ್ಚಿದರೂ ಸರಿ, ಅಲ್ಲಿಯ ತಂದೆಗೆ ತಾನು ನಿಂತಿರುವ ನೆಲ ಯಾವುದೆಂದು ತಿಳಿದಿದೆ.

ನಮಗೆ ಐರ್ಲೆಂಡಿನ ದಾರಿಯೇ ಹಿತವೆಂದು ತೋರುತ್ತದೆ. ಮನೆಯಲ್ಲಿ ಓದಿಸುವವರು ಕ್ಷೇತ್ರ ಶಿಕ್ಷಣಾಧಿಕಾರಿಗಳಲ್ಲಿ ಮಗುವಿನ ಹೆಸರನ್ನು ಬರೆಯಿಸಲಿ. ವರ್ಷಕ್ಕೊಮ್ಮೆ ಮಗು ಏನು ಕಲಿತಿದೆಯೆಂದು ಪರಾಮರ್ಶೆಯಾಗಲಿ. ಹೆಸರು ಬರೆಯಿಸದೆ ಮನೆಯಲ್ಲುಳಿದ ಮಗುವನ್ನು ಅಧಿಕಾರಿಗಳು ಹುಡುಕಿಕೊಂಡು ಹೋಗಲಿ. ಇದರಿಂದ ಸ್ವಾತಂತ್ರ್ಯಕ್ಕೆ ಕುಂದಿಲ್ಲ. ಲೆಕ್ಕ ಒಪ್ಪಿಸಲು ಅಂಜುವವನಿಗೆ ಮಾತ್ರ ಇದು ಸಂಕೋಲೆ. ಮೂಡಲಪಾಳ್ಯಕ್ಕೆ ಕೂಗಳತೆಯ ನಾಗರಭಾವಿಯಲ್ಲಿಯೇ ದೇಶದ ಹೆಸರಾಂತ ರಾಷ್ಟ್ರೀಯ ಕಾನೂನು ಶಾಲೆಯಿದೆ. ನಿಯಮದ ಕರಡನ್ನು ಸಿದ್ಧಪಡಿಸುವುದಕ್ಕೆ ಸರಕಾರವು ಪಂಡಿತರನ್ನು ಅರಸಿ ದೂರ ಹೋಗಬೇಕಾಗಿಲ್ಲ. ತಂದೆಯ ಇಚ್ಛೆಯೂ ಸರಕಾರದ ಕರ್ತವ್ಯವೂ ಮಗುವಿನ ಹಕ್ಕಿಗಿಂತ ಹಿರಿದಲ್ಲ. ಆ ಹಕ್ಕು ಯಾರ ಕೈಯಲ್ಲಿ ಸುರಕ್ಷಿತವಾಗಿದೆಯೆಂದು ನೋಡಿಕೊಳ್ಳುವ ಬಾಧ್ಯತೆಯಿಂದ ಶಾಸಕಾಂಗವು ಇನ್ನೂ ನುಣುಚಿಕೊಳ್ಳುವುದು ತರವಲ್ಲ.